ಹೆತ್ತವಳನ್ನು ಕೇಳಿದಿರಾ?

ಮರಾಠಿ ಸೀಮೆಯ ಡೊಂಬಿವಲಿಯ ಒಂದು ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ರುದ್ರವ್ವನಿಗೆ ಕರೆ ಬರುತ್ತಿತ್ತು, ಅವಳ ಸೊಸೆ ನೀಲಗಂಗಾಳಿಗೆ ಬರುತ್ತಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗದ ಹೆಣ್ಣನ್ನು ಹೆಸರಿಡುವ ಮನೆಗೆ ಹೇಗೆ ಕರೆಯುವುದು ಎಂದು ಜನ ಹಿಂದೆಮುಂದೆ ನೋಡುತ್ತಿದ್ದರು. ರುದ್ರವ್ವ ಹೋಗಿ ಜೋಗುಳ ಹಾಡಿ, ಕೊಟ್ಟ ಗುಗ್ಗರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರೆ, ನೀಲಗಂಗಾ ಅದನ್ನು ಡಬ್ಬಿಗೆ ಸುರಿಯುತ್ತಿದ್ದಳು. ಆ ಸದ್ದು ರುದ್ರವ್ವನ ಎದೆಗೆ ಬಡಿಯುತ್ತಿತ್ತು. ಏನಾದರೂ ಆಗಲಿ, ಈ ವರ್ಷ ಮನೆಯಲ್ಲಿ ಒಂದು ಕೂಸು ಆಡಲೇಬೇಕು ಎಂದು ಆಕೆ ಹಟ ಹಿಡಿದಳು.

ಇದು ಎಂಬತ್ತಾರನೆಯ ಇಸವಿಯ ಮಾತು. ಅದೇ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಸ್ವೀಡನ್ ದೇಶದ ಗಂಡಹೆಂಡತಿ ಬಾಡಿಗೆಗೆ ಇದ್ದರು. ಹೆಂಡತಿಯ ಹೆಸರು ಇಂಗ್ರಿಡ್. ನೀರು ಹಿಡಿಯುವ ಹೆಂಗಸರ ಬಾಯಿಗೆ ಅದು ಹೊರಳದೆ ‘ಇಂದ್ರಾಬಾಯಿ’ ಆಗಿತ್ತು. ಕಲ್ಯಾಣದ ಬಾಲಗೃಹದಲ್ಲಿದ್ದ ಸೋನಿ ಎಂಬ ಪುಟ್ಟ ಹುಡುಗಿಯನ್ನು ದತ್ತು ತೆಗೆದುಕೊಳ್ಳಲು ಬಂದವರು ಅವರು. ಹೋದ ಮಳೆಗಾಲದಲ್ಲಿ ಬಂದರು. ಮಳೆ ಮುಗಿಯುವ ಮುಂಚೆ ಮಗಳನ್ನು ಕರೆದುಕೊಂಡು ಊರಿಗೆ ಹೋಗುತ್ತೇವೆ ಅಂದುಕೊಂಡಿದ್ದರು. ಇನ್ನೊಂದು ಮಳೆಗಾಲ ಬಂತು, ಠಾಣೆ ಪಟ್ಟಣದ ಕೋರ್ಟಿನ ಅಪ್ಪಣೆ ಬರಲಿಲ್ಲ. ದಿನವೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಕಲ್ಯಾಣಕ್ಕೆ ಹೋಗುವುದು, ಹುಡುಗಿಗೆ ಉಣ್ಣಿಸಿ ಆಡಿಸುವುದು, ಸಂಜೆ ಇಬ್ಬರೇ ತಿರುಗಿ ಬರುವುದು. ಇದೇ ಅವರ ಬದುಕಾಗಿತ್ತು.

“ಏನ್ರಿ ಇಂದ್ರಾಬಾಯಿ, ಸಿಕ್ತೇನ್ರಿ ಕೋರ್ಟಿನ ಕಾಗದ?” ಎಂದು ರುದ್ರವ್ವ ನಲ್ಲಿಯ ಹತ್ತಿರ ಕೇಳುತ್ತಿದ್ದಳು. ಇಬ್ಬರ ಮಾತೂ ಮರಾಠಿಯಲ್ಲಿ ನಡೆಯುತ್ತಿತ್ತು. ಒಬ್ಬಳದು ವಿಜಾಪುರದ ಮರಾಠಿ, ಇನ್ನೊಬ್ಬಳದು ಕಾಯಿಪಲ್ಲೆ ಬಾಜಾರಿನ ಮರಾಠಿ.

“ಉದ್ಯಾ,” ಎನ್ನುತ್ತಿದ್ದಳು ಇಂಗ್ರಿಡ್. ಉದ್ಯಾ ಅಂದರೆ ನಾಳೆ. ಕೋರ್ಟಿನ ಬಾಗಿಲಲ್ಲಿ ಅವಳು ಕಲಿತ ಮೊದಲ ಮಾತು ಅದೇ.

“ನಿಮ್ಮ ಉದ್ಯಾ ಬರೂದ್ರಾಗ ಆ ಹುಡುಗಿ ಲಗ್ನಾ ಮಾಡೂ ವ್ಯಾಳ್ಯಾ ಬರ್ತೈತಿ!”

ಹೆಂಗಸರೆಲ್ಲ ನಗುತ್ತಿದ್ದರು. ಇಂಗ್ರಿಡ್ ತಾನೂ ನಕ್ಕು, ಎರಡು ಕೈಯಲ್ಲೂ ಬಕೀಟು ಹಿಡಿದು ಮೆಟ್ಟಿಲು ಏರುತ್ತಿದ್ದಳು. ಮೇಲೆ ಗ್ಯಾಲರಿಯಲ್ಲಿ ಅವಳ ಗಂಡ ಒಗೆದ ಬಟ್ಟೆ ಒಣಗಿಸುತ್ತ ನಿಂತಿರುತ್ತಿದ್ದ. ಅದೂ ಒಂದು ನಗುವಿನ ವಿಷಯವೇ.

ಒಂದು ದಿನ ರುದ್ರವ್ವ ಬಹಳ ಖುಷಿಯಲ್ಲಿದ್ದಳು. ಪಕ್ಕದ ಮನೆಯ ಮಹಾದೇವಕ್ಕ ಕಲ್ಯಾಣದ ಅದೇ ಬಾಲಗೃಹದ ಮೇಲ್ವಿಚಾರಕಿ. ಅವಳು ಇಂಗ್ರಿಡ್ ಜೊತೆ ಬಾಗಿಲಲ್ಲಿ ಮಾತಾಡುತ್ತ ನಿಂತಿದ್ದಾಗ ರುದ್ರವ್ವ ಹೋಗಿ ಹೇಳಿದಳು:

“ಮಾದೇವಕ್ಕಾ, ಶುಕ್ರವಾರ ನಮ್ಮ ನೀಲಗಂಗಾನ ಉಡಿಯಾಗ ಕೂಸು ಹಾಕಸ್ಲಾಕ ಹೊಂಟೀವಿ. ಗಂಡು ಕೂಸು. ಐದು ತಿಂಗಳಿಂದು.”

“ಯಾರ ಕೂಸು?”

“ನಮ್ಮ ತವರೂರಿನ ಯಂಕಪ್ಪ ಅದಾನಲ್ಲ, ವಾಶಿಯೊಳಗ ಬಿಲ್ಡಿಂಗ್ ಕೆಲಸಕ್ಕ ಕೂಲಿ ಮಂದೀನ ಹಚ್ಚೂ ಮುಕಾದಮ. ಅವನ ಕಡೆ ಮರೆಮ್ಮ ಅಂತ ರಾಯಚೂರ ಸೀಮಿ ಹೆಣಮಗಳು ಐತಿ. ಗಂಡ ಬಿಟ್ಟು ಹೋಗ್ಯಾನ. ಸಾಕೂದು ನೀಗೂದಿಲ್ಲ, ಕೊಡ್ತಾಳ ಅಂದಾನ.”

ಮಹಾದೇವಕ್ಕನ ಮುಖ ಗಂಭೀರವಾಯಿತು. “ಹಂಗ ತರಬ್ಯಾಡ್ರಿ ಯಕ್ಕಾ. ದತ್ತಕ್ಕ ಒಂದು ಕಾಯ್ದೆ ಐತಿ.”

“ಕಾಯ್ದೆ ನಿನ್ನ ಬಾಲಗೃಹಕ್ಕ. ನಮ್ಮಲ್ಲಿ ಉಡಿಯಾಗ ಹಾಕಿದ್ರ ಮುಗೀತು. ನಮ್ಮಜ್ಜ ಹಂಗ ಬಂದಾಂವ. ಆವಾಗ ಯಾ ಕೋರ್ಟು ಬಂದಿತ್ತು?”

“ನಿಮ್ಮಜ್ಜನ ಹೆತ್ತಾಕಿ ಹಿರ್ಯಾರ ಮುಂದ ಕುಂತು ತನ್ನ ಕೈಲೆ ಕೊಟ್ಟಿದ್ಲು. ಊರಿಗೆ ಊರ ನೋಡಿತ್ತು. ಹತ್ತು ಹೆಜ್ಜಿ ಮ್ಯಾಲ ಆಕಿ ಮನಿ ಇತ್ತು. ಇಲ್ಲಿ ಯಾರು ನೋಡ್ಯಾರ? ಯಂಕಪ್ಪೊಬ್ಬ.”

ಇಂಗ್ರಿಡ್‌ಗೆ ಕನ್ನಡ ಬಾರದು. ಏನು ನಡೆದಿದೆ ಎಂದು ಮಹಾದೇವಕ್ಕನನ್ನು ಕೇಳಿ ತಿಳಿದುಕೊಂಡಳು. ಆಮೇಲೆ ರುದ್ರವ್ವನ ಕಡೆ ತಿರುಗಿ ಒಂದೇ ಮಾತು ಕೇಳಿದಳು: “ಹೆತ್ತವಳನ್ನು ಕೇಳಿದಿರಾ?”

“ಯಂಕಪ್ಪ ಕೇಳ್ಯಾನ್ರಿ.”

“ನೀವು ಕೇಳಿದಿರಾ?”

ರುದ್ರವ್ವನಿಗೆ ಸಿಟ್ಟು ಬಂತು. “ಒಂದು ಕೂಸಿನ ಸಲುವಾಗಿ ದೇಶಾ ಬಿಟ್ಟು ಬಂದು ಇಲ್ಲಿ ಬಕೀಟು ಹೊರಾಕಿ, ನನಗ ಬುದ್ಧಿ ಹೇಳ್ತಾಳ!” ಎಂದು ಕನ್ನಡದಲ್ಲೇ ಗೊಣಗಿದಳು.

ಆಗ ಮಹಾದೇವಕ್ಕ ಹೇಳಿದಳು: “ಇವ್ರು ಯಾಕ ಕಾಯಾಕತ್ತಾರ ಗೊತ್ತೇನು? ಸೋನಿ ಸಿಕ್ಕಿದ್ದು ಸ್ಟೇಶನ್ನಿನ್ಯಾಗ. ಹೋದ ವರ್ಷ ಬದಲಾಪುರದ ಕಡಿಂದ ಒಬ್ಬಾಕಿ ಬಂದು, ನನ್ನ ಮಗಳೂ ಹಿಂಗ ಕಳದೈತಿ ಅಂದ್ಲು. ನೋಡಿದ್ರ ಆಕಿ ಮಗಳು ಬ್ಯಾರೆ, ಸೋನಿ ಅಲ್ಲ. ಆದ್ರ ಇಂದ್ರಾಬಾಯಿಗೆ ನಿದ್ದಿ ಬರಲಿಲ್ಲ. ಇನ್ನೊಮ್ಮೆ ಹುಡುಕಸ್ರಿ, ಹೆತ್ತಾಕಿ ಎಲ್ಲರೆ ಇದ್ದಾಳು ಅಂತ ತಾನ ವಕೀಲರಿಗೆ ಹೇಳಿದ್ಲು. ಪೇಪರಿನ್ಯಾಗ ಫೋಟೋ ಹಾಕಿಸಿ, ಪೊಲೀಸರ ಕಡಿಂದ ಹುಡುಕ್ಸಾಕತ್ತಾರ. ಅದಕ್ಕ ತಡಾ.”

ರುದ್ರವ್ವ ಬೆರಗಾದಳು. “ಅಲ್ರಿ ಇಂದ್ರಾಬಾಯಿ, ಹೆತ್ತಾಕಿ ಬಂದು ಬಿಟ್ರ?”

“ಕೊಡ್ತೀನಿ,” ಎಂದಳು ಇಂಗ್ರಿಡ್. ಮರಾಠಿಯ ಮಾತುಗಳನ್ನು ಹುಡುಕಿ ಜೋಡಿಸಿದಳು. “ಅಳ್ತೀನಿ. ಆದರೆ ಕೊಡ್ತೀನಿ. ಸೋನಿ ದೊಡ್ಡವಳಾಗ್ತಾಳೆ. ನನ್ನನ್ನ ಯಾರ ಕೈಯಿಂದ ತಗೊಂಡೆ ಅಂತ ಕೇಳ್ತಾಳೆ. ಆಗ ನಾನು ತಲೆ ಕೆಳಗೆ ಹಾಕಬಾರದು.”

ರುದ್ರವ್ವ ಒಳಗೆ ಹೋದಳು. ಆದರೂ ಶುಕ್ರವಾರದ ತಯಾರಿ ನಿಲ್ಲಿಸಲಿಲ್ಲ. ಹಳೆಯ ಇಳಕಲ್ಲ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಮಡಚಿಟ್ಟಳು. ತೆಂಗಿನಕಾಯಿ, ಅಕ್ಕಿ, ಖಣ ಎಲ್ಲ ಚೀಲಕ್ಕೆ ಹಾಕಿದಳು.

ಅತ್ತೆ ಸೊಸೆ ಇಬ್ಬರೂ ಲೋಕಲ್‌ನಲ್ಲಿ ಠಾಣೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ವಾಶಿಯಲ್ಲಿ ಇಳಿದರು. ಕೆಸರು ತುಳಿಯುತ್ತ ಕೂಲಿಗಳ ತಗಡಿನ ಶೆಡ್ಡಿನ ಹತ್ತಿರ ಬಂದಾಗ ಯಂಕಪ್ಪ ಎದುರಿಗೆ ಓಡಿ ಬಂದ.

“ಬರ್ರಿ ಅಕ್ಕಾರ. ಲಗೂನ ಮುಗಸ್ರಿ. ಆಕಿ ಕೂಡ ಭಾಳ ಮಾತಾಡಬ್ಯಾಡ್ರಿ, ಸುಮ್ಮನ ಮನಸು ಸಣ್ಣ ಮಾಡ್ಕೋತಾಳ.”

ಆ ಮಾತು ರುದ್ರವ್ವನಿಗೆ ಮುಳ್ಳಿನಂತೆ ಚುಚ್ಚಿತು. ಮಗನನ್ನೇ ಕೊಡುವವಳ ಕೂಡ ಮಾತು ಯಾಕೆ ಬೇಡ? “ನೀ ಹೊರಗ ನಿಂದ್ರೋ ಯಂಕಪ್ಪ,” ಎಂದಳು. “ಹೆಂಗಸರು ಹೆಂಗಸರು ಮಾತಾಡ್ಕೋತೀವಿ.”

ಒಳಗೆ ಮರೆಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಇನ್ನೂ ಸಣ್ಣ ವಯಸ್ಸು. ತಲೆಗೂದಲಲ್ಲಿ ಸಿಮೆಂಟಿನ ಧೂಳು. ಪಕ್ಕದಲ್ಲಿ ಒಂದು ಗಂಟು ಕಟ್ಟಿಟ್ಟಿದ್ದಳು: ಕೂಸಿನ ಕುಲಾವಿ, ಒಂದು ಬಜೆಯ ತುಂಡು, ಎರಡು ಅಂಗಿ.

“ಬರ್ರಿ ಅಮ್ಮಾರೆ,” ಎಂದು ಸರಿದು ಜಾಗ ಮಾಡಿದಳು. “ಬಲ ಮಗ್ಗಲಾಗ ಹಾಕಿದ್ರ ಲಗೂ ಮಲಗ್ತಾನ್ರಿ. ಕೆಮ್ಮು ಐತ್ರಿ, ತಣ್ಣೀರು ಹಾಕಬ್ಯಾಡ್ರಿ. ಮಳಿ ನಿಂತ ಕೂಡ್ಲೆ ನಾನ ಬಂದು ಕರ್ಕೊಂಡು ಹೋಗ್ತೀನ್ರಿ.” ಆಮೇಲೆ ಬಹಳ ಮೆಲ್ಲಗೆ ಕೇಳಿದಳು: “ಅಷ್ಟರಾಗ ನನ್ನ ಗುರ್ತು ಮರೀತಾನೇನ್ರಿ?”

ನೀಲಗಂಗಾ ಆಗಲೇ ಸೆರಗು ಒಡ್ಡಿ ಕೂತಿದ್ದಳು. ಅವಳ ಕೈ ಅಲ್ಲೇ ನಿಂತಿತು.

“ಕರ್ಕೊಂಡು ಹೋಗ್ತೀನಿ ಅಂದ್ಯಾ?” ಎಂದಳು ರುದ್ರವ್ವ. “ನಿನಗ ಏನಂತ ಹೇಳ್ಯಾನವ ಯಂಕಪ್ಪ?”

“ಶೆಡ್ಡಿನ್ಯಾಗ ನೀರು ಬರ್ತಾವಲ್ರಿ. ಮಳಿಗಾಲ ಮುಗಿಯೂತನಕ ಡೊಂಬಿವಲಿ ಅಮ್ಮಾರು ಇಟ್ಕೋತಾರ, ಪುಣ್ಯವಂತ್ರು ಅಂದ್ರು. ಒಂದು ಕಾಗದಕ್ಕ ಹೆಬ್ಬಟ್ಟು ಒತ್ತು ಅಂದ್ರು, ಒತ್ತೀನ್ರಿ.”

ಕೂಸು ನೀಲಗಂಗಾಳನ್ನು ನೋಡಿ ಕೈ ಆಡಿಸಿತು. ಒಂಬತ್ತು ವರ್ಷ ಕಾದ ಹೆಣ್ಣು. ಹ್ಞೂಂ ಅಂದರೆ ಸಾಕಿತ್ತು, ಕೂಸು ಉಡಿಗೆ ಬರುತ್ತಿತ್ತು. ಹೇಳುವವರಿಲ್ಲ, ಕೇಳುವವರಿಲ್ಲ. ರುದ್ರವ್ವನಿಗೂ ಒಂದು ಗಳಿಗೆ ಮನಸ್ಸು ಜಾರಿತು. ಸೊಸೆಯ ಮುಖ ನೋಡುವ ಧೈರ್ಯ ಬರಲಿಲ್ಲ.

ನೀಲಗಂಗಾ ಕೂಸನ್ನು ಎತ್ತಿಕೊಂಡಳು. ಅದರ ನೆತ್ತಿಗೆ ಮೂಗು ತಾಗಿಸಿದಳು. ಆಮೇಲೆ ಹೆತ್ತವಳ ತೊಡೆಯ ಮೇಲೇ ತಿರುಗಿ ಮಲಗಿಸಿದಳು.

“ಮರಿಯೂದಿಲ್ಲ ತಂಗಿ,” ಎಂದಳು. “ನಿನ್ನ ಮಗ ನಿನ್ನ ಹಂತ್ಯಾಕ ಇರ್ತಾನ. ಹೆಂಗ ಮರೀತಾನ?”

ರುದ್ರವ್ವ ಕೌದಿ ಬಿಚ್ಚಿ ಕೂಸಿಗೆ ಹೊದಿಸಿದಳು. ನಂತರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

“ಏನೋ ಯಂಕಪ್ಪ! ಆಕಿಗೊಂದು ಹೇಳಿ, ನನಗೊಂದು ಹೇಳ್ತಿ?”

“ನಿಮಗ ಚಲೋ ಆಗ್ಲಿ ಅಂತ ಮಾಡಿದ್ನೆಕ್ಕಾ. ನಾಕ ದಿನ ಅತ್ತು ಮರೀತಿದ್ಲು.”

“ನನಗ ಚಲೋ ಆಗಾಕ ಆಕಿ ಎದಿ ಹರೀಬೇಕೇನೋ? ನಿನ್ನ ಮುಕಾದಮಕಿ ಇಟ್ಟಂಗಿ ಹೊರಸೂದ್ರಾಗ ಇರ್ಲಿ, ಕೂಸುಗಳ ಮ್ಯಾಲ ಬ್ಯಾಡ. ಮೊದಲ ಆ ಹೆಬ್ಬಟ್ಟಿನ ಕಾಗದ ತಾ ಇಲ್ಲಿ!”

ಕಾಗದ ಇಸಿದುಕೊಂಡು ಅಲ್ಲೇ ಹರಿದಳು. ಕೂಸನ್ನೂ ತಾಯಿಯನ್ನೂ ದವಾಖಾನೆಗೆ ಕರೆದುಕೊಂಡು ಹೋಗಿ ಕೆಮ್ಮಿಗೆ ಔಷಧ ಕೊಡಿಸಿದಳು. ಮರುವಾರ ಮಹಾದೇವಕ್ಕ ವಾಶಿಗೆ ಹೋಗಿ, ಕೂಲಿಯವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಬಾಲವಾಡಿಯಲ್ಲಿ ಆ ಕೂಸಿಗೆ ಜಾಗ ಮಾಡಿಸಿದಳು.

ಅಂದು ಬಸ್ಸಿನಲ್ಲಿ ತಿರುಗಿ ಬರುವಾಗ ರುದ್ರವ್ವ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನೀಲಗಂಗಾಳೇ ಅವಳ ಕೈ ಹಿಡಿದಳು.

“ಅತ್ತಿ, ನಾವೂ ಕಾಯೂಣು. ನಮ್ಮದಾಗೂ ಕೂಸು ನಮ್ಮದ ಆಗಿ ಬರ್ಲಿ.”

ಮುಂದಿನ ಸೋಮವಾರ ನೀಲಗಂಗಾ ಮತ್ತು ಅವಳ ಗಂಡ ಶಿವಪುತ್ರಪ್ಪ ಕಲ್ಯಾಣದ ಬಾಲಗೃಹದಲ್ಲಿ ಹೆಸರು ಬರೆಸಿದರು. ಬಾಲಗೃಹದವರು ಬಂದು ಮನೆ ನೋಡಿ ಹೋದರು, ಗಂಡಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ರುದ್ರವ್ವನನ್ನೂ ಕೇಳಿದರು: “ಹೆಣ್ಣು ಕೂಸಾದರೆ?” “ಹೆಣ್ಣಾದ್ರ ಇನ್ನೂ ಚಲೋ ಆತಲ್ರಿ, ಮುಪ್ಪಿನ್ಯಾಗ ನನ್ನ ಮಾತು ಕೇಳ್ತಾಳ,” ಎಂದಳು ರುದ್ರವ್ವ.

ದಸರೆ ಮುಗಿದ ಮೇಲೆ ಸೋನಿಯ ವಿಷಯದಲ್ಲಿ ಕೋರ್ಟು ಅಪ್ಪಣೆ ಕೊಟ್ಟಿತು. ಎಷ್ಟು ಹುಡುಕಿದರೂ ಅವಳ ಕಡೆಯವರು ಸಿಕ್ಕಿರಲಿಲ್ಲ. ಇಂಗ್ರಿಡ್ ಮಗಳ ಕೈ ಹಿಡಿದು ಮೆಟ್ಟಿಲಿಳಿದ ದಿನ ಬಿಲ್ಡಿಂಗಿನವರೆಲ್ಲ ಕೆಳಗೆ ಬಂದು ನಿಂತಿದ್ದರು. ಆ ಹೊತ್ತಿಗೆ ನೀಲಗಂಗಾಳ ಮನೆಗೆ ಕೂಸು ಇನ್ನೂ ಬಂದಿರಲಿಲ್ಲ. ಕಾಯುತ್ತಿದ್ದರು. ಮುಖ ಸಣ್ಣದು ಮಾಡಿಕೊಂಡಿರಲಿಲ್ಲ.

ಮಕ್ಕಳಿಲ್ಲದ ಅಕ್ಕತಂಗಿಯರೇ, ಅವರ ಅತ್ತೆ ಮಾವಂದಿರೇ, ಕೂಸು ಕೊಡಿಸುತ್ತೇನೆಂದು ಯಾರೇ ಬಂದರೂ, ನಿಮ್ಮ ಊರಿನವನೇ ಆಗಿರಲಿ, ನಿಮ್ಮ ಬಳಗವೇ ಆಗಿರಲಿ, ಒಪ್ಪಬೇಡಿರಿ. ಸರಕಾರದ ಮನ್ನಣೆ ಇರುವ ಬಾಲಗೃಹಕ್ಕೆ ಗಂಡಹೆಂಡತಿ ಇಬ್ಬರೂ ಹೋಗಿ ಹೆಸರು ಬರೆಸಿರಿ. ಕಾಯ್ದೆಯ ಪ್ರಕಾರ ಅಪ್ಪಣೆ ಪಡೆದೇ ಕೂಸನ್ನು ತನ್ನಿರಿ. ಕಷ್ಟದಲ್ಲಿರುವ ತಾಯಂದಿರೇ, ನಾಲ್ಕು ದಿನ ಇಟ್ಟುಕೊಳ್ಳುತ್ತೇವೆ ಎಂದವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಓದು ಬಲ್ಲವರಿಂದ ಓದಿಸಿರಿ. ಬಾಲವಾಡಿ ಎಲ್ಲಿದೆ ಎಂದು ವಿಚಾರಿಸಿರಿ. ಕೊಡಲೇಬೇಕಾಗಿ ಬಂದರೂ ಯೋಚಿಸಲು ಸಮಯ ಕೇಳಿರಿ, ಅದು ನಿಮ್ಮ ಹಕ್ಕು.

ತಡವಾಗುತ್ತದೆ. ಆಗಲಿ. ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗುವ ದಿನ, ಇನ್ನೆಲ್ಲೋ ಒಬ್ಬ ತಾಯಿ ಬಾಗಿಲಲ್ಲಿ ಕೂತು ದಾರಿ ನೋಡುವಂತಾಗಬಾರದು.