ಗಾಳಿಯಲ್ಲಿ ಬರುತ್ತಿದ್ದ ಚಿತ್ರ

ಅಳಿಯ ಟಿ.ವಿ.ಯನ್ನು ಆರಿಸಿ ಮತ್ತೆ ಹಾಕುತ್ತಿದ್ದಾಗಲೇ, ಹೊರಗೆ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆಯ ಮೂಲೆ ಗೋಡೆಗೆ ತಗುಲಿದ ಸದ್ದಾಯಿತು.

“ಗೋಡೆ! ಗೋಡೆ ಜೋಪಾನ!” ಎಂದು ಮೇಸ್ತ್ರಮ್ಮ ಮಂಚದಿಂದಲೇ ಕೂಗಿದಳು.

ಕೂಗಿದ ಮೇಲೆ ಆಕೆಗೇ ಒಂದು ಥರಾ ಆಯಿತು. ಪೆಟ್ಟಿಗೆಯೊಳಗೆ ಮಲಗಿದ್ದವರು ಬದುಕಿನುದ್ದಕ್ಕೂ ಕಂಡವರ ಮನೆಗಳಿಗೆ ಬಣ್ಣ ಬಳಿದ ಮೇಸ್ತ್ರಿ, ಆಕೆಯ ಗಂಡ. ಆ ಮೆಟ್ಟಿಲ ಗೋಡೆಯೂ ಅವರ ಕೈಯದೇ. ಉಸಿರಿದ್ದಿದ್ದರೆ ಅವರೂ ಅದನ್ನೇ ಕೂಗುತ್ತಿದ್ದರು.

ಮಗಳು ಒಳಗೆ ಬಂದು ತಾಯಿಯ ಕೈ ಹಿಡಿದಳು. “ಅಮ್ಮ, ಹೊರಡ್ತಾ ಇದೀವಿ. ಅಲ್ಲಿ ನಾನು ಫೋನ್ ಹಿಡ್ಕೊಂಡೇ ನಿಂತಿರ್ತೀನಿ. ನಿನ್ನನ್ನೂ ಕುರ್ಚೀಲಿ ಕೂರಿಸಿ ಇಳಿಸಬಹುದಿತ್ತೇನೋ...”

“ನಿಮ್ಮಪ್ಪನ್ನ ಇಳಿಸೋಕೇ ಆರು ಜನ ಏದುಸಿರು ಬಿಡ್ತಿದಾರೆ. ನನ್ನನ್ನೂ ಹೊರಬೇಕು ಅಂದ್ರೆ ಬೇರೆ ಊರಿಂದ ಆಳು ಕರೆಸ್ಬೇಕು. ನಡಿ, ಹೊತ್ತಾಗುತ್ತೆ. ಮಣ್ಣು ಹಾಕೋದು ಮಾತ್ರ ತಪ್ಪಿಸಬೇಡ ಕಣೇ, ತೋರಿಸು. ಅದೊಂದು ನೋಡ್ಬೇಕು ನಾನು.”

ಸೊಂಟದ ಮೂಳೆ ಮುರಿದಂದಿನಿಂದ ಮೇಸ್ತ್ರಮ್ಮನ ಪ್ರಪಂಚವೆಂದರೆ ಈ ಮಹಡಿಯೇ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲಳೇ ಹೊರತು ಮೆಟ್ಟಿಲು ಇಳಿಯಲಾರಳು. ಕಣ್ಣಿಗೂ ಮಬ್ಬು. ಫೋನಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ಮನುಷ್ಯರು ಆಕೆಗೆ ಇರುವೆ ಸಾಲಿನಂತೆ ಕಾಣುವರು. ಮಂಚದೆದುರಿನ ಗೋಡೆಗೆ ತೂಗುಹಾಕಿದ ಆ ಅಗಲವಾದ ಟಿ.ವಿ.ಯಲ್ಲಿ ಮಾತ್ರ ಮುಖಕ್ಕೆ ಮುಖವಿರುತ್ತಿತ್ತು.

ಅಳಿಯ ಔಷಧಿ ಅಂಗಡಿಯವನು. ಪ್ರತಿಯೊಂದನ್ನೂ ಮುಂಚಿತವಾಗಿ ಅಣಿಮಾಡಿಡುವ ಸ್ವಭಾವ. ಮಗಳ ಫೋನಿನ ಚಿತ್ರ ಲ್ಯಾಪ್‌ಟಾಪಿಗೆ ಬಂದು, ಅಲ್ಲಿಂದ ತಂತಿಯಿಲ್ಲದೆ ಟಿ.ವಿ.ಗೆ ಹೋಗಬೇಕಿತ್ತು. ಹಿಂದಿನ ಸಂಜೆ ಟಿ.ವಿ.ಯೂ ಲ್ಯಾಪ್‌ಟಾಪೂ ಅಪ್‌ಡೇಟ್ ಆಗಲಾ ಎಂದು ಕೇಳಿದ್ದವು. ನಾಳೆಗೆ ಸರಿಯಾಗಿರಲಿ ಎಂಬ ಸದುದ್ದೇಶದಿಂದ ಎರಡಕ್ಕೂ ಹೂಂ ಎಂದಿದ್ದ. ಬೆಳಗಾಗುವಷ್ಟರಲ್ಲಿ ಅವು ಹುಟ್ಟಿದಾಗಿನಿಂದ ಒಂದನ್ನೊಂದು ಕಂಡೇ ಇಲ್ಲವೆಂಬಂತೆ ಮುಖ ತಿರುಗಿಸಿದ್ದವು. ಗೋಡೆಯ ಸ್ವಿಚ್ ತೆಗೆದು ಹಾಕಿದ್ದಾಯಿತು, ವೈ-ಫೈ ಡಬ್ಬಿಯನ್ನು ಮಲಗಿಸಿ ಎಬ್ಬಿಸಿದ್ದಾಯಿತು.

“ಲ್ಯಾಪ್‌ಟಾಪಿಗೆ ಕೆಳಗಡೆ ಟೈಲರಮ್ಮನ ಟಿ.ವಿ. ಸಿಗ್ತಿದೆ ಅತ್ತೆ. ನಮ್ಮದೇ ಸಿಗ್ತಿಲ್ಲ.”

“ಹಂಗಾದ್ರೆ ಅವಳಿಗೆ ಪುಣ್ಯ. ಹೊಲಿಗೆ ಹಾಕ್ತಾ ಹಾಕ್ತಾ ನೋಡ್ಲಿ.”

“ಉದ್ದದ್ದೊಂದು ಕೇಬಲ್ ಇದ್ದಿದ್ರೆ ನಿಮಿಷದ ಕೆಲಸ. ಅಂಗಡಿಗೆ ಓಡ್ಲಾ?”

“ನೀವು ಓಡಿ ಬರೋ ಹೊತ್ತಿಗೆ ಮಣ್ಣು ಬಿದ್ದಿರುತ್ತೆ ಅಳಿಯಂದ್ರೇ. ಈ ಮನೇಲಿ ತಂತಿ ಗಿಂತಿ ಏನಿಲ್ಲ. ನಿಮ್ಮ ಮಾವನ ಕೈಯಲ್ಲಿ ಎಲ್ಲಾ ಗಾಳೀಲೇ ಬರ್ತಿತ್ತು.”

ಬಾಗಿಲಲ್ಲಿ ಯಾರೋ ಕೆಮ್ಮಿದರು. ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಏಣಿ ನಿಂತಿದ್ದ. ಮೇಸ್ತ್ರಿಯ ಜೊತೆ ಆಯುಷ್ಯವೆಲ್ಲ ಗೋಡೆ ಕೆರೆದವನು. ಏಣಿಯಿಲ್ಲದೆಯೇ ಛಾವಣಿ ಮುಟ್ಟುವ ಆಳಾದ್ದರಿಂದ ಆ ಹೆಸರು.

“ನೀನ್ಯಾಕೆ ಇನ್ನೂ ಇಲ್ಲೇ ಇದೀಯ?” ಎಂದಳು ಮೇಸ್ತ್ರಮ್ಮ. “ಗಾಡಿ ಹೊರಡುತ್ತೆ.”

“ಬೂಟು ಹಾಕ್ತಿದೀನಿ ಅತ್ತಿಗೆ,” ಎಂದ ಏಣಿ. ಆದರೆ ಹಾಕಲಿಲ್ಲ.

*

ಹಿಂದೊಮ್ಮೆ ಆ ಮನೆಯಲ್ಲೂ ತಂತಿಯಿತ್ತು. ಮುಂದಿನ ಕೋಣೆಯ ಮೂಲೆಯಲ್ಲಿ ಮೇಸ್ತ್ರಿಯ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು; ಅಲ್ಲಿಂದ ಹೊಸ್ತಿಲು ದಾಟಿ ಮಂಚದೆದುರಿನ ಟಿ.ವಿ.ಯವರೆಗೆ ಒಂದು ಕರಿಯ ಕೇಬಲ್ಲು. ದೂರದ ಊರಿನಲ್ಲಿದ್ದ ಮೇಸ್ತ್ರಮ್ಮನ ತಂಗಿ ವಾರಕ್ಕೊಮ್ಮೆ ಆ ಪರದೆಯಲ್ಲಿ ಬಂದು ಕೂರುತ್ತಿದ್ದಳು. ಅಕ್ಕತಂಗಿಯರು ಹೊತ್ತು ಮುಳುಗುವವರೆಗೆ ಊರ ಮೇಲಿನ ಮಾತೆಲ್ಲ ಆಡಿ ಮುಗಿಸುತ್ತಿದ್ದರು.

ಒಂದು ದಿನ ಕಾಲಿಗೆ ಆ ತಂತಿ ತೊಡರಿತು. ಹೊಸ್ತಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡ ಮೇಸ್ತ್ರಮ್ಮ ಆಸ್ಪತ್ರೆಯ ಮಂಚದಿಂದಲೇ ತೀರ್ಪು ಕೊಟ್ಟಳು: “ಒಂದೋ ಆ ಮನೇಲಿ ತಂತಿ ಇರ್ಬೇಕು, ಇಲ್ಲಾ ನಾನಿರ್ಬೇಕು. ತಂತಿ ಇಲ್ಲದೇನೂ ಬರುತ್ತಂತಲ್ಲ, ಹಂಗೆ ಮಾಡಿ.”

“ಆಯ್ತು ಮಹಾರಾಣಿ,” ಎಂದಿದ್ದರು ಮೇಸ್ತ್ರಿ.

ಆಕೆ ಮನೆಗೆ ಮರಳಿದಾಗ ಎರಡೂ ಕೋಣೆಗಳಿಗೆ ಹೊಸ ಬಣ್ಣ ಬಂದಿತ್ತು. “ನೀನು ಬರ್ತೀಯ ಅಂತ,” ಎಂದರು ಗಂಡ. ಬಣ್ಣ ಸ್ವಲ್ಪ ತಿಳಿಯಾಯಿತು ಎಂದು ಗೊಣಗಿದಳಾದರೂ, ಬಂದವರಿಗೆಲ್ಲ ಆ ಸಂಗತಿಯನ್ನು ಹೇಳದೆ ಕಳಿಸಿದವಳಲ್ಲ.

ತಂತಿ ಹೋಗಿತ್ತು. ತಂಗಿ ಮಾತ್ರ ಎಂದಿನಂತೆ ಬರುತ್ತಿದ್ದಳು. ಟಿ.ವಿ.ಯೂ ಲ್ಯಾಪ್‌ಟಾಪೂ ಎಷ್ಟು ಸಲ ಅಪ್‌ಡೇಟಾದರೂ ಮೇಸ್ತ್ರಿ ಮೂಲೆಯ ಮೇಜಿನ ಮುಂದೆ ಬಾಗಿ, ಲ್ಯಾಪ್‌ಟಾಪಿನ ಬೆನ್ನು ತಟ್ಟಿ, “ಬಾರಮ್ಮಾ, ನಿನ್ನಕ್ಕ ಕಾಯ್ತಿದಾಳೆ, ಗಾಳೀಲಿ ತೇಲ್ಕೊಂಡು ಬಾ!” ಎನ್ನುತ್ತಿದ್ದರು. ಮಂಚದಿಂದ ಆಕೆಗೆ ಅವರ ಅಗಲ ಬೆನ್ನಷ್ಟೇ ಕಾಣುತ್ತಿತ್ತು. ಮರುಗಳಿಗೆಯಲ್ಲಿ ಗೋಡೆಯ ತುಂಬ ತಂಗಿಯ ಮುಖ.

*

“ಮೂಲೇಲಿಟ್ಟು ನೋಡಿ,” ಎಂದಳು ಮೇಸ್ತ್ರಮ್ಮ ಥಟ್ಟನೆ. “ಸಿಗ್ನಲ್ ಆ ಮೂಲೇಲೇ ಚೆನ್ನಾಗಿ ಸಿಗೋದು ಅಂತಿದ್ರು.”

ಅಳಿಯ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟ. ಟಿ.ವಿ. ಮಾತ್ರ ಯಾವುದೋ ಸೋಪಿನ ಜಾಹೀರಾತು ತೋರಿಸುತ್ತ ನಿರ್ವಿಕಾರವಾಗಿತ್ತು. ಅಷ್ಟರಲ್ಲಿ ಮಗಳ ಕರೆ ಬಂತು. ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಮರಗಳ ಸಾಲು, ಕಪ್ಪು ಬಟ್ಟೆಯ ಜನ.

“ತಲುಪಿಬಿಟ್ರು ಅತ್ತೆ. ಇದ್ರಲ್ಲೇ ಹತ್ತಿರ ಹಿಡಿದು ತೋರಿಸ್ಲಾ?”

“ಬೇಡಿ,” ಎಂದಳು ಆಕೆ. ದನಿ ಮೊದಲ ಬಾರಿಗೆ ಒಡೆಯಿತು. “ಇರುವೆ ಹೊತ್ಕೊಂಡು ಹೋದಂಗೆ ನನ್ನ ಗಂಡನ್ನ ನೋಡೋಕೆ ನನ್ ಕೈಲಾಗಲ್ಲ.”

ಏಣಿ ಹಾಕಿಕೊಂಡಿದ್ದ ಬೂಟನ್ನೂ ಬಿಚ್ಚಿ ಒಳಗೆ ಬಂದ.

“ಅತ್ತಿಗೆ, ನಾನವನಿಗೆ ಮಾತು ಕೊಟ್ಟಿದ್ದೆ. ಸತ್ತರೂ ಹೇಳಲ್ಲ ಅಂತ.”

“ಯಾರು ಸತ್ತರೂ?”

ಏಣಿ ಯೋಚಿಸಿದ. “ಅದು ಇತ್ಯರ್ಥ ಆಗಿರ್ಲಿಲ್ಲ.”

“ಹಂಗಾದ್ರೆ ಹೇಳು.”

ಏಣಿ ಮೂಲೆಗೆ ಹೋಗಿ ಮೇಜನ್ನು ಮುಂದಕ್ಕೆಳೆದ. ಕೂತು, ಗೋಡೆಯ ಬುಡದಲ್ಲಿ, ಗೋಡೆಯದೇ ಬಣ್ಣದ ಅಂಗೈಯಗಲದ ಮುಚ್ಚಳವೊಂದನ್ನು ಉಗುರಿನಿಂದ ಮೀಟಿದ. ಒಳಗಿನಿಂದ ಸುರುಳಿ ಸುತ್ತಿದ ಕರಿಯ ಕೇಬಲ್ಲಿನ ತುದಿ ಹೊರಬಂತು.

“ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ?” ಎಂದ ಅಳಿಯ.

“ಮೇಲಕ್ಕೆ. ಬಾಗಿಲ ನೆತ್ತಿ ಮೇಲಿಂದ ಹಾದು ಟಿ.ವಿ. ಬೆನ್ನಿಗೆ. ನೀವು ಆಸ್ಪತ್ರೇಲಿದ್ದಾಗ ಗೋಡೆ ಕೊರೆದು ಹಾಕಿದ್ವಿ ಅತ್ತಿಗೆ. ಗಾಳೀದು ಪ್ರತಿ ಅಪ್‌ಡೇಟಿಗೂ ಕೈ ಕೊಡುತ್ತೆ ಅಂತ ಅವನಿಗೆ ಗೊತ್ತಿತ್ತು. ತಂಗಿ ಮುಖ ಕಾಣದೇ ಇದ್ರೆ ನೀವು ಅನ್ನ ಮುಟ್ತಿರ್ಲಿಲ್ಲ, ತಂತಿ ಕಂಡ್ರೆ ಮನೆ ಬಿಡ್ತಿದ್ರಿ. ಅವನು ತಾನೇ ಏನ್ಮಾಡ್ಬೇಕು?”

ಮೇಸ್ತ್ರಮ್ಮ ಬಾಗಿಲ ನೆತ್ತಿಯತ್ತ ಕಣ್ಣೆತ್ತಿದಳು. “ಹಂಗಾದ್ರೆ ಬಣ್ಣ ಹೊಡೆದಿದ್ದು ನನಗೋಸ್ಕರ ಅಲ್ಲ,” ಎಂದಳು.

“ಮೊದಲ್ನೇ ಕೋಟು ತಂತಿಗೆ,” ಎಂದ ಏಣಿ. “ಎರಡನೇದು ನಿಮಗೆ. ತಂತಿಗೆ ಒಂದೇ ಸಾಕಾಗಿತ್ತು.”

ಅಳಿಯ ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಳಗೋಡಿಬಂದು, ರಿಮೋಟಿನಲ್ಲಿ ಕೇಬಲ್ಲಿನ ದಾರಿಯನ್ನು ಆಯ್ದುಕೊಂಡ. ಸೋಪು ಮಾಯವಾಯಿತು. ಗೋಡೆಯ ತುಂಬ ಮರ, ಬಿಸಿಲು, ಜನ; ನಡುವೆ ಪೆಟ್ಟಿಗೆ. ಅದರ ಮೂಲೆಯಲ್ಲಿ ಮೆಟ್ಟಿಲಗೋಡೆಯ ಬಣ್ಣ ಬೆರಳಗಲ ಅಂಟಿಕೊಂಡಿತ್ತು.

“ಅಲ್ಲೂ ಬಿಡ್ಲಿಲ್ಲ ನೋಡು, ಬಣ್ಣ ಹಚ್ಕೊಂಡೇ ಹೋದ್ರು,” ಎಂದಳು ಮೇಸ್ತ್ರಮ್ಮ. ನಕ್ಕಳು, ನಗು ಅರ್ಧದಲ್ಲೇ ಅಳುವಾಯಿತು. ಏಣಿ ಮಂಚದ ಪಕ್ಕದಲ್ಲಿ ಬರಿಗಾಲಲ್ಲಿ ಕೈಕಟ್ಟಿ ನಿಂತ. ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ಬಿದ್ದ ಸದ್ದು ಟಿ.ವಿ.ಯೊಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

*

ಸಂಜೆ ಮಗಳು ಮರಳಿ ಬಂದಾಗ ತಾಯಿ ಮಂಚದ ಮೇಲಿರಲಿಲ್ಲ. ವಾಕರನ್ನು ಪಕ್ಕಕ್ಕೆ ಬಿಟ್ಟು, ಹೊಸ್ತಿಲ ಬಳಿ ಗೋಡೆಗೆ ಆತು ನಿಂತಿದ್ದಳು. ತರಿತರಿಯಾದ ಹಳೆಯ ಗೋಡೆಯಲ್ಲಿ ತಂತಿ ಹೂತು ಮುಚ್ಚಿದ ಎರಡು ಬೆರಳಗಲದಷ್ಟು ಜಾಗ ಮಾತ್ರ ತೊಳೆದ ತಟ್ಟೆಯಂತೆ ನುಣ್ಣಗಿತ್ತು. ಆಕೆಯ ಬೆರಳು ಆ ನುಣುಪಿನ ಗುಂಟ ಮೆಲ್ಲಗೆ ಮೇಲೇರುತ್ತಿತ್ತು.

“ಅಮ್ಮ! ಕಂಡಿತಾ ನಿನಗೆ? ಎಲ್ಲಾ ಕಂಡಿತಾ?”

“ನಿಮ್ಮಪ್ಪ ಬಳಿದ ಬಣ್ಣಕ್ಕೆ ಬ್ರಷ್ಷಿನ ಒಂದು ಕೂದಲೂ ಅಂಟಿಲ್ಲ ಕಣೇ,” ಎಂದಳು ತಾಯಿ, ತಿರುಗದೆ.

ಬಾಗಿಲ ಚೌಕಟ್ಟಿನ ಎತ್ತರಕ್ಕೆ ಬೆರಳು ನಿಂತಿತು. ಅದರಾಚೆ ಕೈಗೆ ನಿಲುಕಲಿಲ್ಲ. ಕೈಯನ್ನು ಅಲ್ಲಿಯೇ ಊರಿಕೊಂಡು ಆಕೆ ಒಂದು ಪಾದವನ್ನೆತ್ತಿ, ಏನೂ ತೊಡರದ ಹೊಸ್ತಿಲನ್ನು ದಾಟಿ ಆಚೆಗಿಟ್ಟಳು.