ಮೊಣಕಾಲುದ್ದ ನೀರು

ಹವಾಮಾನ ವಿಜ್ಞಾನಿಗಳ ಮಾತನ್ನು ಕಟ್ಟಡ ಕಟ್ಟುವವರ ತಲೆಗೆ ಹೋಗುವಂತೆ ಮಾಡುವುದು ಅವಳ ಕೆಲಸ. ಓದಿದ್ದು ಸಮಾಜಶಾಸ್ತ್ರ. ವರ್ಷಗಟ್ಟಲೆ ಎರಡೂ ಕಡೆಯವರ ಸಭೆಗಳಲ್ಲಿ ಮೂಲೆಯ ಕುರ್ಚಿ ಹಿಡಿದು, ಎಲ್ಲವನ್ನೂ ಕೇಳಿಸಿಕೊಂಡು, ಸದ್ದಿಲ್ಲದೆ ಎದ್ದು ಬಂದಿದ್ದಳು. ಆಫೀಸಿನಲ್ಲಿ ಅವಳಿಗೆ ಬಿದ್ದ ಹೆಸರು ‘ಪಿಸುಮಾತು’.

ಇವತ್ತಿನ ಸಭೆ ಮಾತ್ರ ಬೇರೆ ಥರದ್ದು. ಹೊಸ ಆಸ್ಪತ್ರೆಯ ಜನರೇಟರ್ ನೆಲಮಾಳಿಗೆಯಲ್ಲೋ ಎರಡನೇ ಮಹಡಿಯಲ್ಲೋ ಎಂಬುದು ತೀರ್ಮಾನವಾಗಬೇಕು. ಈಗ ಹಳೇ ಆಸ್ಪತ್ರೆಯಲ್ಲಿರುವ ಹಸುಗೂಸುಗಳ ವಾರ್ಡು ಅಲ್ಲಿಗೇ ಹೋಗಲಿದೆ; ಆ ವಾರ್ಡಿನ ನರ್ಸ್ ಅವಳ ಅಕ್ಕ. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಲೇ ಬೈದು ಹೋಗಿದ್ದಳು: “ಕೆಳಗೆ ನೀರು ನುಗ್ಗಿ ಜನರೇಟರ್ ಕೈಕೊಟ್ರೆ ನನ್ನ ಕೂಸುಗಳ ಗತಿ ಏನೇ? ಇವತ್ತಾದ್ರೂ ಬಾಯಿ ಬಿಡು ಮಹರಾಯ್ತಿ!”

ಸಭೆಯಲ್ಲಿ ಎಂದಿನ ಹಗ್ಗಜಗ್ಗಾಟ.

“ಎಷ್ಟು ಮಳೆ ಬರುತ್ತೆ ಸಾರ್? ಒಂದು ಅಂಕಿ ಹೇಳಿ ಸಾಕು,” ಎಂದರು ಎಂಜಿನಿಯರ್.

“ಒಂದೇ ಅಂಕಿ ಹೇಳಕ್ಕಾಗಲ್ಲ,” ಎಂದ ವಿಜ್ಞಾನಿ ಪರದೆಯ ತುಂಬ ಮಳೆಯ ಬೇರೆ ಬೇರೆ ಅಂದಾಜುಗಳ ಬಣ್ಣದ ಗೆರೆಗಳನ್ನು ಹರಡಿದರು.

“ಇದೇನ್ ಸಾರ್, ಬೆಕ್ಕು ಎಳೆದಾಡಿದ ಉಲ್ಲನ್ ಉಂಡೆ! ನಕ್ಷೇಲಿ ‘ಬಂದ್ರೂ ಬರಬಹುದು’ ಅಂತ ಬರೀಲಾ?”

ಎಲ್ಲರೂ ನಕ್ಕರು. “ಹಾಗಾದ್ರೆ ಕೆಳಗೇ ಇರ್ಲಿ ಬಿಡಿ,” ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಮೂಲೆಯ ಕುರ್ಚಿಯಿಂದ ಅವಳು ಎದ್ದಳು. ಇಬ್ಬರೂ ಆಕಾಶವನ್ನೇ ನೋಡುತ್ತಿದ್ದಾರೆ, ಜನರೇಟರನ್ನು ಯಾರೂ ನೋಡುತ್ತಿಲ್ಲ ಎನಿಸಿತು.

“ಒಂದ್ನಿಮಿಷ ಸಾರ್.” ತನ್ನ ದನಿಗೆ ತಾನೇ ಬೆಚ್ಚಿದಳು. “ಮಳೆ ವಿಷಯ ಬಿಡಿ. ಕೆಳಗೆ ಎಷ್ಟು ನೀರು ನಿಂತ್ರೆ ಜನರೇಟರ್ ಕೆಡುತ್ತೆ?”

ಎಂಜಿನಿಯರ್ ತಮ್ಮ ಕಾಲನ್ನೇ ನೋಡಿಕೊಂಡರು. “ಮೊಣಕಾಲುದ್ದ. ಅದು ದಾಟಿದ್ರೆ ಕಥೆ ಮುಗೀತು.”

ಅವಳು ವಿಜ್ಞಾನಿಯತ್ತ ತಿರುಗಿದಳು. “ಈ ಕಟ್ಟಡ ಬಾಳೋ ಅಷ್ಟು ಕಾಲದಲ್ಲಿ ಆ ನೆಲಮಾಳಿಗೆಗೆ ಮೊಣಕಾಲು ಮುಳುಗೋ ನೀರು ಬರುತ್ತಾ?”

“ಅಯ್ಯೋ, ಅದಾ? ಇದರಲ್ಲಿ ಯಾವ ಗೆರೆ ಹಿಡಿದ್ರೂ ಬಂದೇ ಬರುತ್ತೆ!”

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂಜಿನಿಯರ್ ರೇಗಿದರು.

“ನೀವು ಕೇಳಿದ್ರಾ ಸ್ವಾಮಿ?”

ಬೈದಾಡುತ್ತಲೇ ಇಬ್ಬರೂ ಕುರ್ಚಿ ಎಳೆದುಕೊಂಡು ಒಂದೇ ನಕ್ಷೆಯ ಮೇಲೆ ಬಗ್ಗಿದರು. ಚರಂಡಿ, ಪಂಪು ಎಂದು ಮಾತು ಹರಿಯಿತು. ನಡುವೆ ಇದ್ದವಳ ನೆನಪೇ ಅವರಿಗಿರಲಿಲ್ಲ. ಅವಳಿಗೆ ಅದೇ ಸನ್ಮಾನವೆನಿಸಿತು. ದೊಡ್ಡ ಡಾಕ್ಟರು ‘ಎರಡನೇ ಮಹಡಿ’ ಎಂದು ಬರೆದು ಸಹಿ ಹಾಕಿದರು.

ಮೆಟ್ಟಿಲ ಬಳಿ ಓಡಿಬಂದು ಫೋನ್ ಹಚ್ಚಿದಳು. “ಗೆದ್ದೆ ಕಣಕ್ಕಾ! ಎರಡನೇ ಮಹಡಿ!”

ಆ ಕೂಗಿಗೆ ಇಡೀ ಆಫೀಸು ತಿರುಗಿ ನೋಡಿತು.

“ಮೆಲ್ಲಗೆ ಮಾತಾಡೇ,” ಅತ್ತ ಅಕ್ಕ ನಗು ತಡೆದುಕೊಂಡು ಗದರಿದಳು, “ಕೂಸುಗಳು ಈಗಷ್ಟೇ ಮಲಗಿವೆ!”