ಕ್ಯಾಮೆರಾ ಪರೀಕ್ಷೆ

ಜೋಸೆಫ್ ಕಂಪ್ಯೂಟರಿನಿಂದ ಪೆನ್‌ಡ್ರೈವ್ ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಹಜಾರದಲ್ಲಿ ನಟರಾಜರ ದೇಹ ಮಲಗಿತ್ತು. ಚಿತಾಗಾರದಲ್ಲಿ ಹನ್ನೆರಡಕ್ಕೆ ಸಮಯ ಕೊಟ್ಟಿದ್ದರು, ಆಗಲೇ ಹತ್ತಾಗಿತ್ತು.

"ದೀಪದ ಹತ್ತಿರ ಇಡೋಕೆ ಅವರದ್ದೊಂದು ಫೋಟೋ ಬೇಕೇ ಬೇಕು ಜೋಸೆಫ್," ಎಂದರು ಅವರ ಹೆಂಡತಿ ಅನಸೂಯಮ್ಮ, ಬಾಗಿಲಿಗೆ ಒರಗಿ. "ಆಫೀಸ್ ಕಾರ್ಡಿನಲ್ಲಿರೋದು ಮೂವತ್ತು ವರ್ಷದ ಹಿಂದಿನ ಮುಖ. ನನಗೆ ಅದು ಬೇಡ."

ಬೇರೆ ಫೋಟೋ ಇರಲಿಲ್ಲ. ಯಾರಾದರೂ ಫೋಟೋ ತೆಗೆಯಲು ಫೋನ್ ಎತ್ತಿದರೆ ಬೆನ್ನು ತಿರುಗಿಸುವ ಮನುಷ್ಯ. ಏನಾದರೂ ಇದ್ದರೆ ಈ ಕಂಪ್ಯೂಟರಿನಲ್ಲೇ. ಅವರು ಆಸ್ಪತ್ರೆಯಲ್ಲಿದ್ದಾಗ, ಜಾಗ ಸಾಲದೆಂದು ಮಗಳು ಹಂಸಾ ಅದರಲ್ಲಿ ಏನನ್ನೋ ಅಳಿಸಿದ್ದಳು. ಅಂದಿನಿಂದ ಕಪ್ಪು ಪರದೆ. ಹಂಸಾ ಬೆಳಗಿನಿಂದ ಅಳುತ್ತಿದ್ದುದು ಅಪ್ಪನಿಗಾಗಿ ಮಾತ್ರವಲ್ಲ.

"ಗಾಬರಿ ಬೇಡ ಚೇಚಿ. ಒಳಗಿರೋದೆಲ್ಲ ಹಾಗೇ ಇದೆ. ಆನ್ ಮಾಡಿದಾಗ ಬಾಗಿಲು ತೆಗೆಯೋದು ಮಾತ್ರ ಹಾಳಾಗಿದೆ," ಎಂದ ಜೋಸೆಫ್. ಅನಸೂಯಮ್ಮನನ್ನು ಅವನು ಅಕ್ಕಾ ಎಂಬಂತೆ ಚೇಚಿ ಎನ್ನುತ್ತಿದ್ದ.

*

ಹತ್ತು ವರ್ಷದ ಹಿಂದೆ ತ್ರಿಪ್ಪುಣಿತ್ತುರದ ಮನೆಯಲ್ಲಿ ಜೋಸೆಫನ ಕಂಪ್ಯೂಟರೂ ಹೀಗೆಯೇ ಕೈಕೊಟ್ಟಿತ್ತು. ತುಂಬಾ ಎಂಬ ಊರಿನ ಆಫೀಸಿನಲ್ಲಿ ಅವನ ಮೇಲಧಿಕಾರಿಯಾಗಿದ್ದ ನಟರಾಜರು ತಿರುವನಂತಪುರದಿಂದಲೇ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದರು.

"ಎಂ, ಮಂಡ್ಯದ ಎಂ. ಆಮೇಲೆ ಓ. ಅದಕ್ಕೆ ನಮ್ಮ ಕಡೆ ಊರಿಲ್ಲ ಕಣಯ್ಯ, ಹಾಗೇ ಹಾಕು. ಯು, ಉಡುಪಿಯ ಯು."

ಹೀಗೇ ಒಂದೂವರೆ ಗಂಟೆ ಕಾಲ. ಊಟಕ್ಕೆ ಕರೆದೂ ಕರೆದೂ ಸಾಕಾಗಿ ಅನಸೂಯಮ್ಮ, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದದ್ದು ಜೋಸೆಫನಿಗೂ ಕೇಳಿಸಿತ್ತು.

*

"ನಂಜನಗೂಡಿನ ಎನ್, ತುಮಕೂರಿನ ಟಿ," ಎಂದು ಗೊಣಗುತ್ತ ಜೋಸೆಫ್ ಟೈಪು ಮಾಡಿದ. ಆ ಊರುಗಳನ್ನು ಅವನು ಕಂಡೇ ಇರಲಿಲ್ಲ. ಎರಡು ಸಲ ತಪ್ಪಿತು. ಕೊನೆಗೆ ಪೆನ್‌ಡ್ರೈವ್ ತೆಗೆದು ಆನ್ ಮಾಡಿದಾಗ ಕಂಪ್ಯೂಟರ್ ತಾನಾಗಿಯೇ ಎದ್ದಿತು.

ಫೋಟೋಗಳೆಲ್ಲ ಹೆಂಡತಿಯವು, ಮಗಳವು. ಅವರದ್ದು ಸಿಕ್ಕಿದ್ದು 'ಕ್ಯಾಮೆರಾ ಪರೀಕ್ಷೆ' ಎಂಬ ಫೋಲ್ಡರಿನಲ್ಲಿ. ಅಕ್ಕಪಕ್ಕದವರು ರಿಪೇರಿಗೆ ತಂದ ಕ್ಯಾಮೆರಾಗಳನ್ನೆಲ್ಲ ಅವರು ಈ ಕಂಪ್ಯೂಟರಿಗೇ ಜೋಡಿಸಿ, ತಮ್ಮದೇ ಫೋಟೋ ತೆಗೆದು ನೋಡುತ್ತಿದ್ದರು. ನೂರಾರು ನಟರಾಜರು, ಎಲ್ಲರೂ ಹುಬ್ಬು ಗಂಟಿಕ್ಕಿಕೊಂಡು. ಒಂದರಲ್ಲಿ ಮಾತ್ರ ಪಕ್ಕಕ್ಕೆ ತಿರುಗಿ ಬಾಯ್ತುಂಬ ನಕ್ಕಿದ್ದರು. ಅಂಚಿನಲ್ಲಿ ಕಾಫಿ ಲೋಟ ಹಿಡಿದ ಕೈಯೊಂದು ಕಾಣುತ್ತಿತ್ತು.

"ಆ ಕೈ ಕ್ರಾಪ್ ಚೆಯ್ಯಾಂ ಅಮ್ಮಾ, ಕತ್ತರಿಸಿಬಿಡೋಣ," ಎಂದಳು ಹಂಸಾ.

ಅನಸೂಯಮ್ಮ ತಮ್ಮ ಕೈಯ ಹಸಿರು ಬಳೆಗಳನ್ನೊಮ್ಮೆ ಮುಟ್ಟಿ ನೋಡಿಕೊಂಡರು.

"ಬೇಡ. ಅದೂ ಇರಲಿ."

ಹನ್ನೊಂದೂವರೆಗೆ ಚಾಲೈ ಪೇಟೆಯಿಂದ ಪ್ರಿಂಟ್ ಬಂತು. ಹೆಂಗಸರು ಅನಸೂಯಮ್ಮನನ್ನು ಹಿಡಿದು ದೀಪದ ಬಳಿಗೆ ಕರೆತಂದರು. ಫೋಟೋದಲ್ಲಿ ನಟರಾಜರು ನಗುತ್ತಿದ್ದರು, ಹಸಿರು ಬಳೆ ತುಂಬಿದ ಕೈಯೊಂದು ಅವರತ್ತ ಕಾಫಿ ಚಾಚಿತ್ತು.